ಅಪ್ಪನ ಅಕ್ಷರದ ಮ್ಯಾಲ ಒಡೆದ ತೆಂಗಿನಕಾಯಿ

ಟಿಕ್, ಟಿಕ್ ಅಂತ ಸಪ್ಪಳ ಶುರುವಾದಾಗ ಹಚ್ಚಿದ ಊದಿನಕಡ್ಡಿ ಇನ್ನಾ ಅರ್ಧನೂ ಉರಿದಿದ್ದಿಲ್ಲ. ಮೊದಲು ಹಲ್ಲಿ ಲೊಚಗುಟ್ಟಿತು ಅಂದ್ಕೊಂಡೆ. ನಮ್ಮ ಅತ್ತಿನೂ ಹಂಗೇ ತಿಳಕೊಂಡು, ಖಂಡೇ ಪೂಜಿ ದಿನ ಹಲ್ಲಿ ನುಡಿದ್ರ ಶುಭ ಅಂತ ನೆಲಕ್ಕ ಬೆರಳು ತಟ್ಟಿ ಕೈ ಮುಗುದ್ರು. ಹಲ್ಲಿ ಎಲ್ಲಿಂದ ಬರಬೇಕು? ಚೆಂಡುಹೂವಿನ ಸರದ ಕೆಳಗ, ಮೈತುಂಬ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಕುಂತಿದ್ದ ನನ್ನ ಹಾರ್ಡ್ ಡಿಸ್ಕ್ ನುಡೀತಿತ್ತು. ನಮ್ಮ ಮನಿಯವ್ರು ಅದರ ಮಗ್ಗಲಿಗೇ, ಅದೇ ಫರಸಿ ಕಲ್ಲಿನ ಮೇಜಿಗೆ ಬಡಿದು ಕಾಯಿ ಒಡೆದಿದ್ರು.

ತಾಂಡೂರಿನಾಗ ನಮ್ಮದು ಕಲ್ಲಿನ ಮ್ಯಾಲ ಅಕ್ಷರ ಕೊರಿಯೋ ಅಂಗಡಿ. ಮನಿಯವ್ರು ಕಲ್ಲು ಕೊಯ್ಸಿ ಪಾಲಿಶ್ ಮಾಡ್ತಾರ, ಅಕ್ಷರ ನನ್ನ ಪಾಲಿಂದು. ಮೊದಲು ನಮ್ಮ ಅಪ್ಪ ಉಳಿ ಸುತ್ತಿಗಿ ಹಿಡಿದು ಕೊರೀತಿದ್ರು, ಈಗ ಕಂಪ್ಯೂಟರ್ ಹೇಳಿದಂಗ ಮಷೀನ್ ಕೊರೀತದ. ಮಷೀನಿಗೇನು ಗೊತ್ತು? ನಾವು ಕೊಟ್ಟ ಗೆರಿ ಹಿಡಿದು ಹೋಗ್ತದ, ಅಷ್ಟೇ. ಆ ಗೆರಿ ಅಪ್ಪಂದು.

ಕಲ್ಲಿನ ಮ್ಯಾಲ ಕನ್ನಡ ಕೊರಿಯೋದು ಕಾಗದದ ಮ್ಯಾಲ ಬರೆದಷ್ಟು ಸುಲಭ ಅಲ್ಲ. ನಮ್ಮ ಕಡಿ ಫರಸಿ ಪದರು ಪದರಿನ ಕಲ್ಲು. ಒತ್ತಕ್ಷರ ಮೇಲಿನ ಅಕ್ಷರಕ್ಕ ತೀರಾ ಹತ್ರ ಬಂತಂದ್ರ ನಡುವಿನ ತೆಳು ಗೋಡಿ ಚಕ್ಕಿ ಎದ್ದು ಹಾರ್ತದ. ದೂರ ಇಟ್ರಿ ಅಂದ್ರ ಅದು ಕೆಳಗಿನ ಸಾಲಿನ ಅಕ್ಷರದಂಗ ಕಾಣ್ತದ. ಅಪ್ಪ ಆಯುಷ್ಯವೆಲ್ಲ ತಿದ್ದಿ ತಿದ್ದಿ ಇದಕ್ಕೊಂದು ದಾರಿ ಹುಡುಕಿದ್ರು. ನಡುವ ಒಂದು ಅಕ್ಕಿಕಾಳು ಹಿಡಿಯೋವಷ್ಟು ಜಾಗ ಬಿಟ್ಟು, ಒತ್ತಿನ ಕೊಂಡಿಯನ್ನ ಮೇಲಿನ ಅಕ್ಷರದ ಹೊಟ್ಟಿ ಕೆಳಗ ಜರುಗಿಸ್ತಿದ್ರು. ತಲೆಕಟ್ಟು ಸಪಾಟು ಇರತಿದ್ದಿಲ್ಲ, ಎಡಕ್ಕ ಒಂಚೂರು ಬಾಗ್ತಿತ್ತು. ಜಹೀರಾಬಾದಿನಿಂದ ಕೊಡಂಗಲ್ ತನಕ ಯಾವ ಹೊಲದಾಗಿನ ಗೋರಿ ಕಲ್ಲು ನೋಡಿದ್ರೂ ಇದು ಅಪ್ಪನ ಕೈ ಅಂತ ದೂರದಿಂದಲೇ ಹೇಳಬಹುದಿತ್ತು.

ಕೊನಿ ಕೊನಿಗೆ ಅವ್ರ ಕೈ ನಡುಗಾಕ ಹತ್ತಿ ಉಳಿ ನಿಲ್ಲಲಿಲ್ಲ. ಆದರೂ ಸೀಮೆಸುಣ್ಣ ನಿಲ್ತಿತ್ತು. ಒಂದು ಕರಿ ಕಲ್ಲಿನ ಮ್ಯಾಲ ದಿನಾ ಒಂದೊಂದು ಅಕ್ಷರ ಬರೀತಿದ್ರು. ನಾ ಫೋಟೋ ಹೊಡಕೊಂಡು ಕಂಪ್ಯೂಟರಿನಾಗ ಅದರ ಮ್ಯಾಲ ಗೆರಿ ಎಳೀತಿದ್ದೆ. ಮುಗೀತಂದ್ರ ಅವ್ರೇ ಒದ್ದಿ ಅರಬಿಲೆ ಒರೆಸಿ ಮರುದಿನದ್ದಕ್ಕ ಕಲ್ಲು ಖಾಲಿ ಮಾಡ್ತಿದ್ರು. ಕಾಗದದ ಮ್ಯಾಲ ಒಂದಾದರೂ ಬರದು ಇಡ್ರಿ ಅಂದ್ರ, ಕಾಗದಕ್ಕ ಬರದದ್ದು ಕಾಗದಕ್ಕೇ ಚಂದ ಅಂತಿದ್ರು. ಹಿಂಗ ಅಪ್ಪನ ಅಕ್ಷರವೆಲ್ಲ ಕಂಪ್ಯೂಟರಿನಾಗ ಬಂದು ಕುಂತ್ವು. ಆಮ್ಯಾಲ ಅಪ್ಪ ಹೋದ್ರು.

ಈಗ ನಾ ಮಾಡಿದ್ದು ಹೇಳ್ತೀನಿ, ಕೇಳ್ರಿ. ಖಂಡೇ ಪೂಜಿ ಅಂದ್ರ ನಮ್ಮಲ್ಲಿ ಎಲ್ಲಾ ಆಯುಧ ತೊಳೀಬೇಕು. ಉಳಿ, ಸುತ್ತಿಗಿ, ಗ್ರೈಂಡರ್, ಮಷೀನಿನ ಹಾಸು, ಎಲ್ಲಾ ತೊಳೀತೇವಿ. ಕಂಪ್ಯೂಟರ್ ತೊಳಿಯಾಕ ಬರ್ತದೇನು? ಬರಂಗಿಲ್ಲ ಅಂತ ನಾವು ವರ್ಷಾ ಅದನ್ನ ಒಳಗಿಂದ ಸ್ವಚ್ಛ ಮಾಡಸ್ತೇವಿ. ರಿಪೇರಿಯವನನ್ನ ಕರೆಸಿ, ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಹಾಕಸೋದು. ಅದಕ್ಕ ಮೊದಲು ನನ್ನ ಫೋಟೋ, ಫೈಲೆಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸಿ, ಬನ್ನಿ ಆದ ಮ್ಯಾಲ ತಿರುಗಿ ಹಾಕ್ಕೋತಿದ್ದೆ. ಕೊರಿಯೋ ಮಷೀನಿಗೆ ಪೆನ್ ಡ್ರೈವಿನಾಗ ಕೊಡೋದು ಆವತ್ತಿನ ಕೆಲಸ ಅಷ್ಟೇ, ಮರುದಿನ ಅದೂ ಅಳಸ್ತಿದ್ದೆ. ಅಂದ್ರ ಆ ಹಬ್ಬದ ದಿನ ಅಪ್ಪನ ಅಕ್ಷರ ಭೂಮಿ ಮ್ಯಾಲ ಇದ್ದದ್ದು ಆ ಒಂದು ಡಬ್ಬಿಯೊಳಗ ಮಾತ್ರ.

ಇನ್ನೊಂದು ಪದ್ಧತಿ ಅದ. ಪೂಜಿ ಮುಂದ ಮಷೀನೆಲ್ಲ ಚಾಲೂ ಇರಬೇಕು. ಮಲಗಿದ ಆಯುಧಕ್ಕ ಎಂಥಾ ಪೂಜಿ ಅಂತಾರ ಅತ್ತಿ. ಹಂಗಾಗಿ ಡಿಸ್ಕ್ ಕಂಪ್ಯೂಟರಿಗೆ ಹಚ್ಚೇ ಇತ್ತು, ಒಳಗ ತಿರುಗ್ತಿತ್ತು, ನೀಲಿ ದೀಪ ಮಿಣುಕ್ತಿತ್ತು. ಅಂಥಾ ದಪ್ಪನ ಫರಸಿ ಮೇಜಿಗೆ ಕಾಯಿ ಅಪ್ಪಳಿಸಿದ್ರ ಆ ಪೆಟ್ಟು ಎಲ್ಲಿಗೆ ಹೋಗ್ಬೇಕು ಹೇಳ್ರಿ?

ಸಪ್ಪಳ ಎಲ್ಲಿಂದ ಅಂತ ತಿಳಿದ ಕೂಡ್ಲೇ ನಾ ವೈರಿಗೆ ಕೈ ಹಾಕಿದೆ. ಅತ್ತಿ ನನ್ನ ಮುಂಗೈ ಹಿಡಿದ್ರು.

“ಪೂಜಿಗೆ ಕುಂತ ಸಾಮಾನು ಬನ್ನಿ ಬರೂತನಕ ಮುಟ್ಟಬಾರದವ್ವಾ. ವರ್ಷಪೂರ್ತಿ ಕೈ ಕುಂದ್ತದ.”

ಬನ್ನಿ ಬರೋದು ಮರುದಿನ ಸಂಜಿಗೆ. ನಾ ಹೇಳಿದೆ, ಅತ್ತಿ, ಇದು ಉಳಿ ಅಲ್ಲ, ಒಳಗ ಏನೋ ಹತ್ತಿ ಹರೀಲಿಕ್ಕತ್ತದ ಅಂತ. ಮನಿಯವ್ರ ಕಡಿ ನೋಡಿದೆ. ಅವ್ರು ಪ್ರಸಾದದ ಕೊಬ್ಬರಿ ಚೂರು ಮಾಡ್ಕೋತ, ಒಂದು ದಿನ ತಾಳು, ಅದೇನು ಓಡಿ ಹೋಗ್ತದೇನು ಅಂದ್ರು. ಖರೇ, ಓಡಿ ಹೋಗಲಿಲ್ಲ. ಅಲ್ಲೇ ಕುಂತು ಸತ್ತಿತು. ಆ ಇಡೀ ದಿನ ಚೆಂಡುಹೂವಿನ ಕೆಳಗ ಅದು ಟಿಕ್ ಟಿಕ್ ಅನ್ಕೋತ ಇತ್ತು. ನಾ ಹೋಳಿಗಿ ಲಟ್ಟಿಸ್ಕೋತ ಕೇಳ್ಕೋತ ಕುಂತೆ. ಮರುದಿನ ಸಪ್ಪಳ ಬದಲಾಗಿ ಗರಗರ ಅನ್ನಾಕ ಹತ್ತಿತ್ತು, ತಾಟಿನ ಮ್ಯಾಲ ಮೊಳಿ ಎಳೆದಂಗ. ಸಂಜಿಗೆ ಮನಿಯವ್ರು ಬನ್ನಿ ತಂದು ಎಲ್ಲಾ ಆಯುಧದ ಮ್ಯಾಲ ಒಂದೊಂದು ಎಲಿ ಇಟ್ರು. ಡಿಸ್ಕಿನ ಮ್ಯಾಲನೂ ಇಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೋಣು ಅಂದ್ರು. ಆಗ ಅದು ಪೂರಾ ಸುಮ್ಮಾಗಿತ್ತು.

ಇದು ಬರೇ ಅಪ್ಪನ ನೆನಪಿನ ಮಾತಾಗಿದ್ದಿಲ್ಲ. ನಾರಾಯಣಖೇಡದ ಕಡಿ ಒಬ್ಬ ರಿಟೈರಾದ ಕನ್ನಡ ಮಾಸ್ತರಿಗೆ ನಾ ಮಾತು ಕೊಟ್ಟಿದ್ದೆ. ಅವ್ರ ತಾಯಿಯ ಗೋರಿ ಕಲ್ಲು ಅಪ್ಪ ಕೊರಿದದ್ದು, ಅವ್ರ ಹೊಲದಾಗೇ ಅದ. ಈಗ ಅವ್ರ ಹೆಂಡತಿ ತೀರಿಕೊಂಡಿದ್ರು, ಅತ್ತಿಯ ಮಗ್ಗಲಿಗೇ ಸೊಸಿಗೂ ಮಣ್ಣು ಕೊಟ್ಟಿದ್ರು. ವರ್ಷದ ಪುಣ್ಯತಿಥಿಯೊಳಗ ಅದೇ ಕೈಯಿನ ಅಕ್ಷರದಾಗ ಹೆಂಡತಿ ಹೆಸರು ಆಗಬೇಕು ಅಂತ ಅವ್ರ ಆಸಿ. ಅದರಾಗ ಹಟ ಏನೂ ಇದ್ದಿಲ್ಲ. ನನ್ನ ಹೆಸರು ಬ್ಯಾಡ, ಆಕಿ ಹೆಸರು, ಆಕಿ ಊರು ಸಾಕು, ಆದರ ಅತ್ತಿ ಸೊಸಿ ಬ್ಯಾರೆ ಬ್ಯಾರೆ ಮನಿಯವ್ರಂಗ ಕಾಣಬಾರದು ಅಂದಿದ್ರು.

ಡಿಸ್ಕ್ ಅರಬ್ಯಾಗ ಸುತ್ತಿಕೊಂಡು ಬಸ್ ಹತ್ತಿ ಜಹೀರಾಬಾದಿಗೆ ಹೋದೆ. ಹೋದ ಡೇಟಾ ತೆಗೆದು ಕೊಡ್ತೇವಿ ಅಂತ ಬೋರ್ಡ್ ಹಾಕಿದ ಒಂದು ಅಂಗಡಿ ಅಲ್ಲಿತ್ತು. ಅಂಗಡಿಯವ ಮೊದಲು ವೈರ್ ಬದಲು ಮಾಡಿದ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳೆದಂಗ ಆತು. ಆಮ್ಯಾಲ ತಂಪು ಮಾಡಿದ್ರ ನಡೀತದ ಅಂತ ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಜೂ ಅಂಗಡಿಯ ಐಸ್‌ಕ್ರೀಂ ಪೆಟ್ಟಿಗ್ಯಾಗ ಇಟ್ಟು ಬಂದ. ಅದರಿಂದನೂ ಆಗದಿದ್ದಾಗ, ನಾ ಬ್ಯಾಡ ಅನ್ನೋದ್ರೊಳಗ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಮ್ಯಾಲ ಫ್ಯಾನ್ ತಿರುಗ್ತಿತ್ತು. ಹೊರಗ ಕಬ್ಬಿನ ಟ್ರ್ಯಾಕ್ಟರ್ ಸಾಲುಗಟ್ಟಿ ಹೋಗ್ತಿದ್ವು, ಧೂಳು ಸೀದಾ ಒಳಗ ಬರ್ತಿತ್ತು. ಕನ್ನಡಿಯಂಥಾ ಆ ತಾಟಿನ ಮ್ಯಾಲ ಸುತ್ತಲೂ ಒಂದು ಬೂದಿ ಬಣ್ಣದ ಗೆರಿ ಕೊರಿದಿತ್ತು. ಓದೋ ಮುಳ್ಳು ತಾಟಿನ ಮ್ಯಾಲ ಬಿದ್ದು ಉಜ್ಜ್ಯಾದ, ಸಪ್ಪಳ ಬಂದ ಕೂಡ್ಲೇ ಕರೆಂಟ್ ತೆಗೀಬೇಕಿತ್ತಲ್ಲ ಅಕ್ಕಾ ಅಂದ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅನ್ನೋದು ನನಗೇನು ಹೊಸದಲ್ಲ. ಆದರ ಬಯಲಿನಾಗ ಮುಚ್ಚಳ ತೆಗೆದವ ನನಗ ಬುದ್ಧಿ ಹೇಳಬೇಕೇನು?

ಅಲ್ಲಿಂದ ಹೈದರಾಬಾದಿಗೆ ಕಳಿಸಿದೆ. ಅಲ್ಲಿ ಧೂಳಿಲ್ಲದ ಖೋಲಿ ಅದ, ದೊಡ್ಡ ಮಂದಿ ಅದಾರ ಅಂತ ಕೇಳಿದ್ದೆ. ಬಹಳ ದಿನ ಬಿಟ್ಟು ಫೋನ್ ಬಂತು. ಗೆರಿ ಬಿದ್ದದ್ದು ಒಂದು, ಹೊರಗ ಬಿಚ್ಚಿದ್ದು ಇನ್ನೊಂದು, ಏನೂ ಬರಂಗಿಲ್ಲ ಅಂತ ಒಬ್ಬಾಕಿ ಭಾಳ ಮೆತ್ತಗ ಹೇಳಿದಳು. ಹೇಳಿ, ಬ್ಯಾಕಪ್ ಇಟ್ಟಿಲ್ಲೇನು ಮೇಡಂ ಅಂತ ಕೇಳಿದಳು. ಅವಾಗಿನಿಂದ ಕಂಡ ಕಂಡವರೆಲ್ಲ ಅದನ್ನೇ ಕೇಳಾಕ ಹತ್ತಿದ್ರು. ಮನಿ ಸುಟ್ಟವ್ರ ಮುಂದ ನಿಂತು ಕೊಡದಾಗ ನೀರು ತುಂಬಿ ಇಟ್ಟಿದ್ದಿಲ್ಲೇನು ಅಂತ ಕೇಳಿದಂಗ. ಇಟ್ಟಿದ್ದಿಲ್ರೆಪಾ. ಇಟ್ಟಿದ್ರ ನಿಮ್ಮ ಮುಂದ ಯಾಕ ಅಳ್ತಿದ್ದೆ?

ಸಮಾಧಾನ ಹೇಳೋರದ್ದು ಬ್ಯಾರೆ ಕಾಟ. ಕಂಪ್ಯೂಟರಿನಾಗ ಬೇಕಾದಷ್ಟು ಕನ್ನಡ ಅಕ್ಷರ ಅದಾವ, ಅದರಾಗ ಒಂದು ಆರಿಸ್ಕೊ ಅಂದ್ರು ಮನಿಯವ್ರು. ಅವ್ರ ಬಾಯಿ ಮುಚ್ಚಿಸಾಕಂತನೇ ಆರಿಸಿದೆ. ಒಡಕು ಫರಸಿ ತುಂಡಿನ ಮ್ಯಾಲ ಮಾಸ್ತರ ಹೆಂಡತಿ ಹೆಸರು, ಝರೆಮ್ಮ ಅಂತ, ಮಷೀನಿಗೆ ಕೊಟ್ಟೆ. ನೀರು ಬಿಟ್ಟು ನಿಧಾನ ಕೊರಿಸಿದೆ. ಒತ್ತಿನ ಹತ್ರ ಬರ್ತಿದ್ದಂಗ ಚಟ್ ಅಂತು. ಮೇಲಿನ ಮ, ಕೆಳಗಿನ ಒತ್ತು, ಎರಡೂ ಕೂಡಿ ಒಂದೇ ಗುಂಡಿ ಆತು. ತುಂಡು ಎತ್ತಿ ಮನಿಯವ್ರ ಊಟದ ತಾಟಿನ ಮಗ್ಗಲಿಗೆ ಇಟ್ಟೆ. ಅವ್ರು ಆ ಗುಂಡ್ಯಾಗ ಬೆರಳು ಇಟ್ಟು ನೋಡಿದ್ರು.

ಮಾಸ್ತರಿಗೆ ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ. ಕಲ್ಲು ನೋಡಬೇಕು ಅಂತ ಅವ್ರೇ ಬಸ್ಸಿಗೆ ಬಂದ್ರು. ಬಿಳಿ ಧೋತ್ರ, ಕೈಯಾಗ ಛತ್ರಿ. ಎಲ್ಲಾ ಹೇಳಿದೆ. ಸಿಟ್ಟಾಗಲಿ ಅಂತ ಕಾದೆ, ಆಗಲಿಲ್ಲ. ಏನೂ ತಿಳೀದವ್ರಂಗ ನನ್ನ ಮಾರಿ ನೋಡಿದ್ರು.

“ಅಕ್ಷರ ಡಬ್ಬ್ಯಾಗ ಹ್ಯಾಂಗ ಹೋಗ್ತಾವವ್ವಾ? ನಮ್ಮವ್ವನ ಕಲ್ಲಿನ ಮ್ಯಾಲ ನಿನ್ನಿ ಸಂಜಿಗೂ ಇದ್ವು.”

ಖರೇ ಹೇಳ್ಬೇಕಂದ್ರ ನನಗ ಮೊದಲು ಸಿಟ್ಟೇ ಬಂತು. ನಾ ಇಷ್ಟು ಹೇಳಿದ್ರೂ ಈ ಮುದುಕಗ ತಿಳೀವಲ್ದಲ್ಲ ಅಂತ. ಅವ್ರು ಚಹಾ ಕುಡಿದು ಹೋದ ಮ್ಯಾಲ ಆ ಮಾತು ಎದಿಯಾಗ ಕುಂತಿತು. ಇಷ್ಟು ದಿನ ನಾ ಆ ಸತ್ತ ಡಬ್ಬಿ ಹಿಂದ ಬಿದ್ದು ಊರೂರು ಅಲೆದಿದ್ದೆ. ಅಪ್ಪ ಕೊರಿದ ಕಲ್ಲು ಮಾತ್ರ ಊರೂರಿಗೆ ಬಿಸಿಲಾಗ ನಿಂತಿದ್ವು, ನಾ ಅವನ್ನ ದಾಟ್ಕೋತನೇ ಬಸ್ಸಿನಾಗ ಹೋಗಿದ್ದೆ. ಡಿಸ್ಕ್ ತಗೊಂಡು ತುಕ್ಕು ಹಿಡಿದ ಬ್ಲೇಡಿನ ಡಬ್ಬಿಗೆ ಒಗೆದೆ. ಕಲ್ಲಿನಿಂದಲೇ ತಿರುಗಿ ತಗೊಳ್ತೀನಿ ಅಂತ ಠರಾಯ್ಸಿದೆ.

ತೆಳು ಬಿಳಿ ಕಾಗದ, ಟೇಪು, ಇದ್ದಲಿ, ಹಲ್ಲುಜ್ಜೋ ಬ್ರಶ್, ಒಂದು ಬಾಟ್ಲಿ ನೀರು, ಅಳತಿ ಪಟ್ಟಿ. ಕಲ್ಲು ತೊಳೆದು ಆರಿಸಬೇಕು, ಕಾಗದ ಬಿಗಿ ಹಚ್ಚಬೇಕು, ಇದ್ದಲಿ ಅಡ್ಡ ಹಿಡಿದು ಹಗುರಕ ಉಜ್ಜಬೇಕು. ಗಟ್ಟಿ ಕಲ್ಲಿದ್ದಲ್ಲಿ ಕರ್ರಗಾಗ್ತದ, ಕೊರಿದಲ್ಲಿ ಬೆಳ್ಳಗ ಉಳೀತದ. ಮಗ್ಗಲಿಗೆ ಪಟ್ಟಿ ಇಟ್ಟು ಫೋಟೋ ತಗೀಬೇಕು, ಇಲ್ಲಂದ್ರ ಕಂಪ್ಯೂಟರಿನಾಗ ಗೆರಿ ಎಳಿಯೋ ಮುಂದ ಅಳತಿ ಕೆಡ್ತದ. ಮೊದಲ ಕಾಗದ ಮಾಸ್ತರ ಹೊಲದಾಗೇ ತಗೊಂಡೆ. ‘ಲಿಂಗೈಕ್ಯ’ ಅನ್ನೋದು ಪೂರ್ತಿ ಸಿಕ್ಕಿತು, ಒತ್ತೂ ಸಿಕ್ತು. ಅಪ್ಪ ಬಿಟ್ಟ ಅಕ್ಕಿಕಾಳಿನಷ್ಟು ಜಾಗ ಕಾಗದದ ಮ್ಯಾಲ ಕರ್ರಗ ಮೂಡಿ ಬಂತು.

ಮುಂದಿಂದು ಇಷ್ಟು ಸುಲಭ ಆಗಲಿಲ್ಲ. ಅಪ್ಪನ ಕಲ್ಲಿಗೆ ಮಂದಿ ಮಾಡಿದ್ದು ನೋಡಿದ್ರ ನನ್ನ ಡಿಸ್ಕಿನ ಹಣೆಬರಹವೇ ಛಲೋ ಅನಸ್ತು. ನಾರಾಯಣಖೇಡದ ಹತ್ರ ಒಂದು ಗುಡಿ ಮುಂದಿನ ಕಲ್ಲಿಗೆ ಹಬ್ಬಾ ಬಂದಾಗೊಮ್ಮೆ ಎಣ್ಣಿ ಬಣ್ಣ ಬಳಿದು ಬಳಿದು ಅಕ್ಷರವೆಲ್ಲ ಮುಚ್ಚಿ ಹೋಗಿದ್ವು. ಭಕ್ತಿ ಅಂತ. ಒಂದು ಸಾಲಿ ಗೋಡಿಯಾಗಿನ ಕಲ್ಲು ಕಿತ್ತು ಹೊಸ ಹೊಳಿಯೋ ಗ್ರಾನೈಟ್ ಹಾಕಿದ್ರು, ಹಳೀದು ಎಲ್ಲಿ ಅಂದ್ರ ಯಾರಿಗೂ ಗೊತ್ತಿಲ್ಲ. ತಾಂಡೂರಿನಾಗೇ, ನಮ್ಮ ಮನಿಯಿಂದ ಕೂಗಳತಿ ದೂರದಾಗ, ಒಬ್ಬಾಕಿ ಅಪ್ಪನ ಕಲ್ಲಿನ ಮ್ಯಾಲ ಅರಬಿ ಒಗೀತಿದ್ದಳು. ಏನವ್ವಾ ಇದು ಅಂದ್ರ, ಅಕ್ಷರ ಇದ್ದದ್ದಕ್ಕ ಕೊಳಿ ಛಲೋ ಹೋಗ್ತದ್ರಿ ಅಂದಳು. ಆಕಿ ಅರಬಿ ಹಿಂಡೂತನಕ ನಿಂತು, ಆ ಕಲ್ಲಿನಿಂದನೂ ಉಳಿದಷ್ಟು ತಗೊಂಡೆ.

ಹಿಂಗ ಹುಡುಕಿ ಹುಡುಕಿ ಮಾಸ್ತರ ಹೆಂಡತಿ ಹೆಸರಿಗೆ, ಊರಿಗೆ ಬೇಕಾದದ್ದೆಲ್ಲ ಕೂಡಿತು, ಒಂದು ಬಿಟ್ಟು. ಝ. ಆ ಅಕ್ಷರ ಯಾರಿಗೆ ಬೇಕಾಗ್ತದ? ಬೀದರಿನ ಝರಣಿ ದೇವ್ರಿಗೆ ಹರಕಿ ಹೊತ್ತು ಹುಟ್ಟಿದ ಕೂಸಿಗೆ ಝರೆಮ್ಮ, ಝರೆಪ್ಪ ಅಂತ ಇಡೋರು ಈ ಸುತ್ತಿನ ಮಂದಿ ನಾವೇ. ಊರಿಗೆ ಒಬ್ರು ಇಬ್ರು ಇರ್ತಾರ, ಕಲ್ಲು ಹಾಕಿಸಿಕೊಂಡೋರು ಇನ್ನೂ ಕಡಿಮಿ. ಬರೇ ಒಂದು ಅಕ್ಷರ, ನೀನೇ ಬರಿ, ಯಾರಿಗೆ ಗೊತ್ತಾಗ್ತದ ಅಂದ್ರು ಮನಿಯವ್ರು. ಬರದು ನೋಡಿದೆ. ಎಷ್ಟು ಬರದ್ರೂ ಅದು ನನ್ನ ಝ ಆಗ್ತಿತ್ತು, ಅಪ್ಪಂದಾಗ್ತಿದ್ದಿಲ್ಲ. ಆಕಿ ಹೆಸರಿನ ಮೊದಲನೇ ಅಕ್ಷರವೇ ಹೊರಗಿನವ್ರಂಗ ನಿಂತ್ರ ಮಾಸ್ತರಿಗೆ ಕೊಟ್ಟ ಮಾತು ಎಲ್ಲಿ ಉಳೀತು?

ಆಗ ಅತ್ತಿಯೇ ನೆನಪು ಮಾಡಿದ್ರು. ಆ ಪೂಜಿ ದಿನದಿಂದ ನಾ ಅವ್ರ ಜೋಡಿ ನೆಟ್ಟಗ ಮಾತಾಡಿದ್ದಿಲ್ಲ. ಜಹೀರಾಬಾದಿನಾಗ ದೊಡ್ಡ ರಸ್ತಾದ ಮ್ಯಾಲ ಝರೆಪ್ಪ ಅನ್ನೋರು ದನಕ್ಕ ನೀರು ಕುಡಿಯೋ ದೋಣಿ ಕಟ್ಟಿಸಿದ್ರು, ಅದರ ಕಲ್ಲಿನ ಮ್ಯಾಲ ನಿಮ್ಮ ಅಪ್ಪನೇ ಹೆಸರು ಕೊರಿದಿದ್ದ, ನಾ ಬಂಡ್ಯಾಗ ಹೋಗೋ ಮುಂದ ನೋಡೀನಿ ಅಂದ್ರು. ಅಂದು ಒಳಗ ಹೋದ್ರು.

ಹೋಗಿ ನೋಡಿದ್ರ ದೋಣಿ ಇಲ್ಲ. ರಸ್ತಾ ಅಗಲ ಮಾಡೋ ಮುಂದ ಒಡದು ಹಾಕ್ಯಾರ. ಅಲ್ಲಿ ಇಲ್ಲಿ ಕೇಳ್ಕೋತ ಒಂದು ಚಹಾ ಹೋಟೆಲ್ ಮುಂದ ನಿಂತಾಗ ಕಾಲಾಗಿನ ಹಾಸುಗಲ್ಲು ಕಣ್ಣಿಗೆ ಬಿತ್ತು. ಗಟಾರದ ಮ್ಯಾಲ ಅಡ್ಡ ಹಾಕಿದ್ರು. ಕಲ್ಲಿನ ಬೆನ್ನಿನ ಅಂಚಿಗೆ ಓರೆ ಓರೆ ಉಳಿ ಏಟು, ಜ್ವಾಳದ ತೆನಿ ಹಂಗ. ಹಂಗ ಅಂಚು ಕಟ್ಟೋರು ಅಪ್ಪ ಒಬ್ಬರೇ. ಆಟೋ, ಮೋಟರ್ ಸೈಕಲ್, ಮಂದಿ, ಎಲ್ಲಾ ಅದರ ಮ್ಯಾಲ ಅಡ್ಡಾಡ್ತಿದ್ರು.

ಹೋಟೆಲಿನವಗ ಎತ್ತಿ ತೋರಸ್ರಿ ಅಂದೆ. ಗಿರಾಕಿ ಟೈಮು, ಆಗಂಗಿಲ್ಲ, ಗಟಾರದ ಕಲ್ಲಿನಾಗ ಏನಿರ್ತದ ಅಂದ. ಆವತ್ತು ನನ್ನ ಸಿಟ್ಟು ನೆತ್ತಿಗೇರಿತು. ಕಾಯಿ ಒಡೆದವ್ರ ಮ್ಯಾಲಿಂದು, ಮುಂಗೈ ಹಿಡಿದವ್ರ ಮ್ಯಾಲಿಂದು, ಫ್ಯಾನಿನ ಕೆಳಗ ಮುಚ್ಚಳ ತೆಗೆದವನ ಮ್ಯಾಲಿಂದು, ಎಲ್ಲಾ ಆ ಹೋಟೆಲಿನವನ ಮ್ಯಾಲ ಬಿತ್ತು. ಬಾಯಿಗೆ ಬಂದಂಗ ಅಂದೆ. ತೆಲುಗಿನ್ಯಾಗ ಅಂದೆ, ಉರ್ದುದಾಗ ಅಂದೆ, ಕನ್ನಡದಾಗ ಅಂತೂ ಏನು ಬಿಟ್ಟೆನೋ ಗೊತ್ತಿಲ್ಲ. ಹೆಣ್ಣುಮಗಳು ಗಟಾರದ ಕಲ್ಲಿಗಾಗಿ ಅಳಾಕತ್ಯಾಳ ಅಂತ ಆಟೋದವ್ರು ಕೂಡಿದ್ರು. ಅವ್ರೇ ಕಬ್ಬಿಣದ ಹಾರಿ ತಂದು ಕಲ್ಲು ಮೀಟಿ ಮಗ್ಗಲಿಗೆ ಎಬ್ಬಿಸಿದ್ರು.

ರಾಡಿ ತೊಳೆದೆ. ಅಕ್ಷರ ನಿನ್ನಿ ಕೊರಿದಂಗ ಇದ್ವು. ಬಣ್ಣ ಇಲ್ಲ, ಸವೆತ ಇಲ್ಲ, ಒಂದು ಚಕ್ಕಿ ಎದ್ದಿಲ್ಲ. ಸಾಲಿನ ಮೊದಲಿಗೇ ಝ ಕುಂತಿತ್ತು, ಹೊಟ್ಟಿ ಉಬ್ಬಿಸಿ, ತಲೆಕಟ್ಟು ಎಡಕ್ಕ ಬಾಗಿಸಿ. ಗುಡಿ ಮುಂದ ಪೂಜಿ ಮಾಡಿಸಿಕೊಂಡ ಕಲ್ಲು ಹಾಳಾಗಿತ್ತು, ಗಟಾರದಾಗ ಮಕಾಡೆ ಬಿದ್ದದ್ದು ಉಳಿದಿತ್ತು. ಕಾಗದ ಹಚ್ಚಿ ಒಂದಲ್ಲ, ಮೂರು ಸಲ ತಗೊಂಡೆ. ಹೋಟೆಲಿನವ ಈಗ ಮೆತ್ತಗಾಗಿ, ಹೆಸರು ಮ್ಯಾಲ ಬರಂಗ ಹಾಕ್ಲೇನ್ರಿ ಅಂತ ಕೇಳಿದ. ಬ್ಯಾಡ್ರಿ, ಮೊದಲು ಹ್ಯಾಂಗಿತ್ತೋ ಹಂಗೇ ಮಕಾಡೆ ಹಾಕ್ರಿ ಅಂದೆ. ಅಕ್ಷರ ಮ್ಯಾಲ ಮಾಡಿದ್ರ ನಾಳಿಂದನೇ ತುಳಿದು ಸವಸ್ತಾರ.

ಪುಣ್ಯತಿಥಿಗೆ ಕಲ್ಲು ಹೊತ್ತುಕೊಂಡು ಹೋದ್ವಿ. ಮಷೀನಿಗೆ ಝ ಕೊಡೋ ಮುಂದ ಕೊರಿಯೋ ಮೊನಿಯ ಓಟ ಅರ್ಧಕ್ಕ ಇಳಿಸಿದ್ದೆ. ಮನಿಯವ್ರು ನೀರಿನ ಪೈಪ್ ಹಿಡಿದು ನಿಂತಿದ್ರು. ಒತ್ತೂ ಉಳಿದಿತ್ತು. ಅತ್ತಿ ಮಗ್ಗಲಿಗೆ ಸೊಸಿ ಕಲ್ಲು ನಿಂತ ಮ್ಯಾಲ ಮಾಸ್ತರ್ ಭಾಳ ಹೊತ್ತು ನೋಡಿದ್ರು. ಒಂದು ಅಕ್ಷರದಿಂದ ಇನ್ನೊಂದಕ್ಕ ಕಣ್ಣು ಸರೀತಿತ್ತು, ಪೇಪರ್ ತಿದ್ದೋರಂಗ. ಕೊನಿಗೆ ಪೂರ್ತಿ ಮಾರ್ಕು ಅಂದ್ರು. ಆಮ್ಯಾಲ ಹೆಂಡತಿ ಮಗ್ಗಲಿನ ಖಾಲಿ ಜಾಗ ಛತ್ರಿಯಿಂದ ತೋರಿಸಿ, ನನ್ನ ಹೆಸರಿಂದೂ ಎಲ್ಲಾ ಅಕ್ಷರ ಸಿಕ್ಕಾವೇನವ್ವಾ ಅಂತ ಕೇಳಿದ್ರು.

ಅವ್ರ ಹೆಸರು ಘಾಳೆಪ್ಪ. ನಾ ಮನಸ್ಸಿನಾಗೇ ಕೂಡಿಸಿ ನೋಡಿದೆ. ಳೆ ಅದ, ಪ್ಪ ಅದ. ಘ ಒಂದು ಸಿಕ್ಕಿಲ್ರಿ ಮಾಸ್ತರ್ ಅಂದೆ.

“ಹಂಗಾದ್ರ ಛಲೋನೇ ಆತು. ಅದು ಸಿಗೂತನಕ ನಾ ಹೋಗಂಗಿಲ್ಲ ತಗೋ.”

ಮುಂದಿನ ಖಂಡೇ ಪೂಜಿಗೆ ಕಾಯಿ ಹೊರಗ ಅಂಗಳದಾಗ ಒಡೆದ್ರು. ಮಷೀನಿನ ಕರೆಂಟ್ ಅತ್ತಿ ತಾವೇ ಬಂದು ತೆಗೆದ್ರು. ಅಕ್ಷರ ಈಗ ಕಂಪ್ಯೂಟರಿನಾಗ ಅದಾವ, ಬ್ಯಾರೆ ಡಿಸ್ಕಿನಾಗ ಅದಾವ, ಇದ್ದಲಿ ಕಾಗದವೆಲ್ಲ ಸುರುಳಿ ಸುತ್ತಿ ತವರುಮನಿ ಟ್ರಂಕಿನಾಗ ಅದಾವ. ಬ್ಯಾಕಪ್ ಅದ ಏನು ಅಂತ ಈಗ ಯಾರೂ ಕೇಳಂಗಿಲ್ಲ.

ಬೊಮ್ರಾಸಪೇಟದ ಕಡಿ ಒಂದು ಹೊಲದ ಬದುವಿನ ಮ್ಯಾಲ ಯಾರೋ ಘನಲಿಂಗಪ್ಪ ಅನ್ನೋರ ಕಲ್ಲು ನಿಂತದ. ಅಪ್ಪನ ಕೈ. ಅದರ ಘ ಸಿಕ್ಕು ಭಾಳ ದಿನ ಆತು, ಗೆರಿ ಎಳೆದು ಮೂರೂ ಕಡಿ ಇಟ್ಟೀನಿ. ಮಾಸ್ತರ್ ಆಗಾಗ ಫೋನ್ ಮಾಡ್ತಾರ. ಮಳಿ ಕೇಳ್ತಾರ, ತೊಗರಿ ಕೇಳ್ತಾರ, ಕೊನಿಗೆ ಸಿಕ್ಕಿತೇನವ್ವಾ ಅಂತ ಕೇಳ್ತಾರ.

ಇಲ್ರಿ ಮಾಸ್ತರ್, ಇನ್ನಾ ಹುಡುಕಾಕತ್ತೀನಿ ಅಂತೀನಿ.